ಕೆಮ್ಮಿದವರೇ ತಪ್ಪಿತಸ್ಥರೇ?

ಪತ್ರ: ಹಳ್ಳಿಯವರಿಗೆ ತಿಳಿವಳಿಕೆ ಸಾಲದು. ಕ್ಷಯವನ್ನು ಮುಚ್ಚಿಡುತ್ತಾರೆ, ಮಾತ್ರೆ ಅರ್ಧಕ್ಕೇ ಬಿಡುತ್ತಾರೆ. ಹಿಂದಿನಂತೆ ಊರಾಚೆ ಸ್ಯಾನಟೋರಿಯಂ, ಅಂದರೆ ಕ್ಷಯರೋಗಿಗಳ ಆರೈಕೆಯ ಆಸ್ಪತ್ರೆ, ಕಟ್ಟಿ ಅವರನ್ನು ಅಲ್ಲಿಡಬೇಕು.
– ನಿವೃತ್ತ ಉಪಾಧ್ಯಾಯರು, ತುಮಕೂರು ಜಿಲ್ಲೆ

ಉತ್ತರ: ಮೇಷ್ಟರೇ, ನಿಮ್ಮ ದುಂಡನೆಯ ಕೈಬರಹ ಕಂಡು ಸಂತೋಷವಾಯಿತು, ಬರೆದದ್ದನ್ನು ಓದಿ ನೋವಾಯಿತು. ಸ್ಯಾನಟೋರಿಯಂಗಳನ್ನು ನಾನು ಹಳಿಯುವುದಿಲ್ಲ. ಮದ್ದಿಲ್ಲದ ಕಾಲದಲ್ಲಿ ಗಾಳಿ, ಹಾಲು, ವಿಶ್ರಾಂತಿ ಕೊಟ್ಟವು ಅವೇ. ಆದರೆ ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ, ಅದೇ ರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಬಂದದ್ದು ಹೇಗೆಂದು ನೆನೆಯಿರಿ. ಅರಮನೆಯನ್ನೂ ಬಿಡದ ರೋಗಕ್ಕೆ ಹಳ್ಳಿಗರ ಅಜ್ಞಾನವೇ ಕಾರಣವೆನ್ನಬಹುದೇ?

1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿಟ್ಟು ಒಳ್ಳೆಯ ಊಟ, ಆರೈಕೆ ಕೊಟ್ಟರು. ಉಳಿದವರು ತಮ್ಮ ಕಿಕ್ಕಿರಿದ ಮನೆಗಳಲ್ಲೇ ಇದ್ದು ಅದೇ ಮಾತ್ರೆಗಳನ್ನು ವರ್ಷವಿಡೀ ನುಂಗಿದರು. ಗುಣವಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಉಳಿದವರಿಂದ ಮನೆಮಂದಿಗೆ ಹೆಚ್ಚು ಸೋಂಕು ತಗಲಲೂ ಇಲ್ಲ. 1959ರಲ್ಲಿ ಫಲಿತಾಂಶ ಹೊರಬಿದ್ದ ಮೇಲೆ ಜಗತ್ತಿನಾದ್ಯಂತ ಚಿಕಿತ್ಸೆಯ ದಾರಿಯೇ ಬದಲಾಯಿತು.

ಇನ್ನು ತಿಳಿವಳಿಕೆಯ ಮಾತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ನಿಮ್ಮದೇ ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲೇನೋ ಕೆಟ್ಟಿದೆ ಎಂಬ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧ!

ನಮ್ಮ ವಠಾರದಲ್ಲಿ ಬೀಡಿ ಕಟ್ಟುತ್ತಿದ್ದ ಒಬ್ಬ ತಾಯಿಯಿದ್ದರು. ಮೂರು ಸಲ ಆಸ್ಪತ್ರೆಗೆ ಹೋದರೂ ಕಫ ಪರೀಕ್ಷೆಗೆ ಯಾರೂ ಬರೆದುಕೊಡಲಿಲ್ಲ. ಕೆಂಪು ಸಿರಪ್ಪಿನ ಖಾಲಿ ಸೀಸೆಗಳು ಕಿಟಕಿಯಲ್ಲಿ ಸಾಲುಗಟ್ಟಿದವು. ಕೊನೆಗೆ ರೋಗ ಗೊತ್ತಾದಾಗ ಮನೆಯವರು ಅವರ ಲೋಟವನ್ನು ಮೊಳೆಯಿಂದ ಗೀರಿ ಗುರುತು ಮಾಡಿ ಬಚ್ಚಲ ಗೂಡಿನಲ್ಲಿಟ್ಟರು. ಈ ರೋಗ ಹರಡುವುದು ಕೆಮ್ಮಿನ ಗಾಳಿಯಿಂದ, ಲೋಟದಿಂದಲ್ಲ. ಆರು ತಿಂಗಳು ಒಂದು ಮಾತ್ರೆಯನ್ನೂ ತಪ್ಪಿಸದೆ ಅವರು ಗುಣವಾದರು. ಲೋಟ ಅಡುಗೆಮನೆಗೆ ಮರಳಲಿಲ್ಲ.

ಊರಾಚೆ ಇಡುವ ಮಾತು ಬಂದಾಗಲೆಲ್ಲ ನನಗೆ ಆ ಗೂಡು ಕಣ್ಣಿಗೆ ಕಟ್ಟುತ್ತದೆ. ಬಡವರನ್ನು ಬೈಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ: ಶಾಲೆ ಬಿಟ್ಟರೆ ಸೋಮಾರಿ, ಸಾಲ ಮಾಡಿದರೆ ದುಂದುಗಾರ, ಮಾತ್ರೆ ಬಿಟ್ಟರೆ ಅಜ್ಞಾನಿ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ಬಂದವರನ್ನು ‘ನಾಳೆ ಬನ್ನಿ’ ಎಂದು ಕಳಿಸುವವರ ಲೆಕ್ಕವನ್ನು ಯಾರಿಡುತ್ತಾರೆ?

ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆ, ಮೇಷ್ಟರೇ. ನಿಮ್ಮಲ್ಲಿ ಕ್ಷಯದ ಮಾತ್ರೆ ನುಂಗುತ್ತಿರುವವರು ಮೊದಲ ಕಫ ಪರೀಕ್ಷೆಗೆ ಮುಂಚೆ ಎಷ್ಟು ಸಲ ಅಲೆದರೆಂದು ಕೇಳಿ, ಅವರ ಹೆಸರು ಬಿಟ್ಟು ಬರೆದು ಕಳುಹಿಸಿ. ಅದಕ್ಕಾಗಿ ಒಂದು ಪುಟ ತೆಗೆದಿಡುತ್ತೇನೆ.

– ಸಂ.