ಬೇಕಲ ಕೋಟೆಯಲ್ಲಿ ಅರಮನೆ ಇಲ್ಲ, ಮತ್ತೆ ನೋಡುವುದೇನು?

ಅರಮನೆ ಇಲ್ಲದಿರುವುದೇ ಇದರ ವಿಶೇಷ. ಇದು ಕಾವಲಿಗೆ, ಯುದ್ಧಕ್ಕೆ ಅಂತಲೇ ಕಟ್ಟಿದ ಕೋಟೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ. 1763ರಲ್ಲಿ ಹೈದರಾಲಿಯ ಕೈಸೇರಿತು, ಟಿಪ್ಪುವಿನ ಕಾಲಕ್ಕೆ ಸೇನಾ ನೆಲೆಯಾಯಿತು.

ನಮ್ಮ ಕಾಸರಗೋಡಿಗೆ ಬರುವವರಿಗೆ ನಾನು ಹೇಳುವುದು ಒಂದೇ: ಗೋಡೆಯ ಕಿಂಡಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬಗ್ಗಿ ನೋಡಿ. ಮೇಲಿನ ಕಿಂಡಿ ದೂರದ ಗುರಿಗೆ, ಕೆಳಗಿನದು ಹತ್ತಿರ ಬಂದ ಶತ್ರುವಿಗೆ. ಅಲ್ಲಿ ಕಣ್ಣಿಟ್ಟು ರಾತ್ರಿಯಿಡೀ ಕಾದ ಸಿಪಾಯಿ ನೆನಪಾಗುತ್ತಾನೆ, ಅಲ್ವಾ? ಸುಮ್ನೆ ಕಡಲಿನ ಫೋಟೋ ತೆಗೆದು ಹೊರಟರೆ ಇದು ಸಿಗುವುದಿಲ್ಲ. ಆಮೇಲೆ ನಡುವಿನ ವೀಕ್ಷಣಾ ಬುರುಜು ಹತ್ತಿ.

ಬೆಳಗ್ಗೆಯೇ ಬನ್ನಿ, ಮಧ್ಯಾಹ್ನ ಬಿಸಿಲು ಜಾಸ್ತಿ. ಮಳೆಗಾಲದಲ್ಲಿ ಮುರಕಲ್ಲು ಜಾರುತ್ತದೆ. ದಯವಿಟ್ಟು ಗೋಡೆಯಲ್ಲಿ ಹೆಸರು ಕೆತ್ತಬೇಡಿ.