ಮಗಳು ಕ್ಲಾಸ್ ಬಿಟ್ಟು ಪ್ರತಿಭಟನೆಗೆ ಹೋಗ್ತೀನಿ ಅಂತಿದಾಳೆ, ಸ್ಕೂಲ್‌ನೋರು ಪೊಲೀಸ್ ಕರೆದ್ರೆ ಏನ್ಮಾಡೋದು?

ಹತ್ತನೇ ಕ್ಲಾಸಲ್ಲಿರೋ ಮಗಳು ಶುಕ್ರವಾರ ಗೆಳತಿಯರ ಜೊತೆ ಕ್ಲಾಸಿಂದ ಎದ್ದು ಹೊರಗೆ ಬರ್ತಾಳಂತೆ, ಬಿಡಬೇಕಾ ಬೇಡ್ವಾ, ಪೊಲೀಸ್ರು ಬಂದ್ರೆ ಏನು ಗತಿ ಅಂತ ಕೇಳಿದೀರ. ನಾನು ಹೈಸ್ಕೂಲಲ್ಲಿ ತುಂಬಾ ವರ್ಷ ಪಾಠ ಮಾಡಿದೋಳು, ಎರಡು ಸಲ ಇಂಥದ್ದನ್ನ ಗೇಟಿನ ಒಳಗೇ ನಿಂತು ನೋಡಿದೀನಿ. ಮಕ್ಕಳು ಹೊರಗೆ ಬಂದ ಮೊದಲ ಅರ್ಧ ಗಂಟೇಲಿ ದೊಡ್ಡೋರು ಏನು ಮಾಡ್ತಾರೆ ಅನ್ನೋದರ ಮೇಲೇ ಉಳಿದಿದ್ದೆಲ್ಲ ನಿಂತಿರುತ್ತೆ.

ಮೊದಲನೇ ಸಲ, ಒಬ್ಬ ಮೇಷ್ಟ್ರನ್ನ ಕಾರಣ ಹೇಳದೆ ತೆಗೆದ್ರು ಅಂತ ಮಕ್ಕಳು ಎರಡನೇ ಪಿರಿಯಡ್ ಬೆಲ್ ಆಗ್ತಿದ್ದಂಗೆ ಎದ್ದು ಅಂಗಳಕ್ಕೆ ಬಂದು ಕೂತ್ರು, ಘೋಷಣೆ ಕೂಗ್ತಿದ್ರು ಅಷ್ಟೇ. ಹೆಡ್‌ಮಾಸ್ಟರ್ ಗಾಬರಿಯಾಗಿ ಗೇಟಿಗೆ ಬೀಗ ಹಾಕ್ಸಿ ಸ್ಟೇಷನ್ನಿಗೆ ಫೋನ್ ಮಾಡಿದ್ರು. ಬೀಗ ಬಿದ್ದಿದ್ದೇ ತಡ ಕೂತಿದ್ದೋರೆಲ್ಲ ಎದ್ದು ಗೇಟಿನ ಕಡೆ ನುಗ್ಗಿದ್ರು, ಹಿಂದಿನೋರು ತಳ್ಳಿದ ರಭಸಕ್ಕೆ ಮುಂದಿದ್ದ ಒಂದು ಹುಡುಗಿ ಕೈ ಕಂಬಿ ಸಂದಿಗೆ ಸಿಕ್ಕಿ ಮೂಳೆ ಮುರೀತು, ಅಷ್ಟೊತ್ತಿಗೆ ಪೊಲೀಸ್ ವ್ಯಾನ್ ಬಂತು, ಬಂದೋರಿಗೆ ಕಂಡಿದ್ದು ನೂಕುನುಗ್ಗಲು ಮಾತ್ರ, ಕಣ್ಣಿಗೆ ಬಿದ್ದ ನಾಲ್ಕು ಹುಡುಗರನ್ನ ಎಳ್ಕೊಂಡು ಹೋದ್ರು. ಅದರಲ್ಲಿ ಒಬ್ಬ ಗೆಳೆಯರನ್ನ ಹಿಂದಕ್ಕೆ ಕರೀತಿದ್ದೋನು. ನಾನು ಅಲ್ಲೇ ಇದ್ದೆ, ಬೀಗ ತೆಗೀರಿ ಅಂತ ಗಟ್ಟಿಯಾಗಿ ಹೇಳ್ಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ.

ಎರಡನೇ ಸಲ ಬೇರೆ ಹೆಡ್‌ಮಿಸ್ಟ್ರೆಸ್ ಇದ್ರು. ಅವರು ಗೇಟ್ ತೆಗೆಸಿ, ನಮ್ಮನ್ನೆಲ್ಲ ರಸ್ತೆಯ ಎರಡೂ ಬದಿ ನಿಲ್ಲಿಸಿ, ಪೊಲೀಸರಿಗೆ ಬರೀ ಗಾಡಿ ತಡೀರಿ ಸಾಕು ಅಂದ್ರು. ಮುಕ್ಕಾಲು ಗಂಟೆ ಆದ್ಮೇಲೆ ಮಕ್ಕಳು ತಾವಾಗೇ ವಾಪಸ್ ಬಂದ್ರು, ಆ ಪಿರಿಯಡ್‌ಗೆ ಎಲ್ಲರಿಗೂ ಆಬ್ಸೆಂಟ್ ಬಿತ್ತು, ಅಲ್ಲಿಗೆ ಮುಗೀತು.

ಇತಿಹಾಸ ನೋಡಿದ್ರೂ ಇದೇ ಕಾಣುತ್ತೆ. 1963ರ ಮೇ ತಿಂಗಳಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನಾಂಗದ ಮಕ್ಕಳು ವರ್ಣಭೇದದ ವಿರುದ್ಧ ಸ್ಕೂಲ್ ಬಿಟ್ಟು ಸಾಲಾಗಿ ನಡೆದು ಬಂದಾಗ ಬುಲ್ ಕಾನರ್ ಅನ್ನೋ ಅಧಿಕಾರಿ ಅವರ ಮೇಲೆ ಪೊಲೀಸ್ ನಾಯಿ ಬಿಡಿಸಿದ, ಬೆಂಕಿ ಆರಿಸೋ ಪೈಪಿಂದ ನೀರು ಹೊಡೆಸಿದ, ಸಾವಿರಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು. ಸ್ಕೂಲ್ ಬೋರ್ಡ್ ತನ್ನ ಪಾಲಿಗೆ 1,081 ಮಕ್ಕಳನ್ನ ಸಸ್ಪೆಂಡ್ ಮಾಡಿ ಹೊರಗೆ ಹಾಕ್ತು, ಅದೇ ತಿಂಗಳು ಅಪೀಲು ಕೋರ್ಟ್ ಅವರನ್ನ ವಾಪಸ್ ಸೇರಿಸ್ಕೊಳ್ಳಿ ಅಂತು. ಅವತ್ತಿನ ಫೋಟೋಗಳು ಜಗತ್ತೆಲ್ಲ ಹರಡಿ ಊರಿನ ಆಡಳಿತದ ಮಾನ ಹೋಯ್ತು. 1976ರ ಜೂನ್ 16ಕ್ಕೆ ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಂತೂ ಕೆಲವು ಪಾಠಗಳನ್ನ ಬಿಳಿ ಆಡಳಿತದೋರ ಆಫ್ರಿಕಾನ್ಸ್ ಭಾಷೇಲೇ ಕಲೀಬೇಕು ಅನ್ನೋ ಹುಕುಂ ಬೇಡ ಅಂತ ಬೀದಿಗೆ ಬಂದ ಮಕ್ಕಳ ಮೇಲೆ ಪೊಲೀಸ್ರು ಗುಂಡೇ ಹಾರಿಸಿದ್ರು. ಮುಂದಿನ ತಿಂಗಳೇ ಆ ಹುಕುಂ ವಾಪಸ್ ತಗೊಂಡ್ರು. ಅದನ್ನ ಗುಂಡು ಹಾರಿಸೋಕೆ ಮುಂಚೆ ತಗೊಂಡಿದ್ರೆ ಏನಾಗ್ತಿತ್ತು ಅಂತ ನಂಗೆ ಪ್ರತಿ ಸಲ ಅನ್ಸುತ್ತೆ.

ಇದರಿಂದೆಲ್ಲ ಏನಾಗುತ್ತೆ ಅಂತಾನೂ ಕೇಳಿದೀರಲ್ಲ. 1951ರಲ್ಲಿ ಅಮೆರಿಕದ ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ ಬಾರ್ಬರಾ ಜಾನ್ಸ್ ಅನ್ನೋ 16 ವರ್ಷದ ಹುಡುಗಿ ತನ್ನ ಸ್ಕೂಲಿನ 450ಕ್ಕೂ ಹೆಚ್ಚು ಮಕ್ಕಳನ್ನ ಹೊರಗೆ ಕರ್ಕೊಂಡು ಬಂದಳು. 180 ಕಪ್ಪು ಮಕ್ಕಳಿಗೆ ಅಂತ ಬೇರೆಯಾಗಿ ಕಟ್ಟಿದ ಸ್ಕೂಲು ಅದು, ಜಾಗ ಸಾಲದೆ ಟಾರ್ ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ ನಡೀತಿತ್ತು. ಎರಡು ವಾರ ಯಾರೂ ಕ್ಲಾಸಿಗೆ ಹೋಗ್ಲಿಲ್ಲ. ಆ ಮಕ್ಕಳ ಕೇಸೇ ಮುಂದೆ 1954ರ ಬ್ರೌನ್ ತೀರ್ಪಲ್ಲಿ ಸೇರಿದ ಐದು ಕೇಸುಗಳಲ್ಲಿ ಒಂದಾಯ್ತು, ಬಣ್ಣ ನೋಡಿ ಸ್ಕೂಲ್ ಬೇರೆ ಮಾಡೋದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ.

ಶಿಕ್ಷೆ ವಿಷಯಕ್ಕೆ ಬಂದ್ರೆ, ಕ್ಲಾಸ್ ತಪ್ಪಿಸಿದ್ದಕ್ಕೆ ಸ್ಕೂಲು ಆಬ್ಸೆಂಟ್ ಹಾಕಬಹುದು, ಯಾವಾಗ್ಲೂ ಕೊಡೋ ಶಿಕ್ಷೆ ಕೊಡಬಹುದು, ಅದಕ್ಕೆ ಮಗಳು ರೆಡಿ ಇರಬೇಕು. ಆದ್ರೆ ಸುಮ್ಮನೆ ಚಕ್ಕರ್ ಹೊಡೆದೋರಿಗೆ ಒಂದು, ಘೋಷಣೆ ಕೂಗಿದೋರಿಗೆ ಅದಕ್ಕಿಂತ ಜಾಸ್ತಿ ಅಂದ್ರೆ ಅದು ಮಾತಾಡಿದ್ದಕ್ಕೆ ಕೊಡೋ ಶಿಕ್ಷೆ. ಅಮೆರಿಕದ ಸುಪ್ರೀಂ ಕೋರ್ಟು 1969ರಲ್ಲೇ ಟಿಂಕರ್ ಕೇಸಲ್ಲಿ, ಯುದ್ಧ ಬೇಡ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ಬಂದಿದ್ದ ಮಕ್ಕಳ ಪರ ನಿಂತು, ಸ್ಕೂಲ್ ಗೇಟ್ ದಾಟಿದ ತಕ್ಷಣ ಮಾತಿನ ಹಕ್ಕು ಹೋಗಲ್ಲ ಅಂತ ಹೇಳಿದೆ. ಪಾಠಕ್ಕೆ ದೊಡ್ಡ ಅಡ್ಡಿ ಆದ್ರೆ ಸ್ಕೂಲು ತಡೀಬಹುದು ಅಂತಾನೂ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಈಗ ಇಂಥ ಕಾರ್ಯಕ್ರಮಕ್ಕೆ ಅಂತಾನೇ ವರ್ಷಕ್ಕೆ ಒಂದು ದಿನ ರಜೆ ಕೊಡೋ ಕಾನೂನಿದೆ. ನಿಮ್ಮ ಕಡೆ ನಿಯಮ ಏನಿದೆ ಅಂತ ಗುರುವಾರವೇ ಸ್ಕೂಲಲ್ಲಿ ಬರವಣಿಗೇಲಿ ಕೇಳಿ, ಅದರ ಜೊತೆ ಗೇಟಿಗೆ ಬೀಗ ಹಾಕ್ತೀರಾ ಅಂತಾನೂ ಕೇಳಿ, ಈ ಪ್ರಶ್ನೆ ಮುಂಚೇನೇ ಬಂದ್ರೆ ಅವರೂ ಯೋಚನೆ ಮಾಡ್ತಾರೆ.

ಮಗಳಿಗೆ ಹೇಳಿ, ಗುಂಪಿನ ಅಂಚಲ್ಲಿರು, ಗೇಟಿಗೆ ಒತ್ಕೊಂಡು ನಿಲ್ಲಬೇಡ, ಪೊಲೀಸ್ರು ಹಿಡಿದ್ರೆ ಕೊಸರಾಡಬೇಡ ಓಡಬೇಡ, ಹೆಸರು ಹೇಳು, ಅಪ್ಪ ಅಮ್ಮ ಬರೋವರೆಗೂ ಬೇರೆ ಏನೂ ಹೇಳಲ್ಲ, ಏನಕ್ಕೂ ಸೈನ್ ಹಾಕಲ್ಲ ಅಂತ ಮರ್ಯಾದೆಯಿಂದ ಹೇಳು ಅಂತ. ನಿಮ್ಮ ನಂಬರ್ ಬಾಯಿಪಾಠ ಇರ್ಲಿ, ಫೋನ್ ಕಿತ್ಕೊಂಡ್ರೆ ಅದೇ ಗತಿ.

ನನ್ನ ಕೇಳಿದ್ರೆ ಕಳಿಸಿ. ನೀವೂ ಅರ್ಧ ದಿನ ರಜೆ ಹಾಕಿ, ಇನ್ನೊಂದಿಬ್ರು ಪೋಷಕರನ್ನ ಕರ್ಕೊಂಡು ಗೇಟಿನ ಎದುರು ರಸ್ತೆಯ ಆಚೆ ಬದಿ ನಿಂತ್ಕೊಳ್ಳಿ. ಅವತ್ತು ನಮ್ಮ ಗೇಟಿನ ಆಚೆ ಒಬ್ರೂ ಇರ್ಲಿಲ್ಲ.