ನಿಮ್ಮ ಅಜ್ಜನ ಸೈಕಲ್ ಮತ್ತು ಆ ಎಂಟರ ಅಂಕಿ

ಆತ್ಮೀಯರೇ,

ಅಜ್ಜನ ರ‍್ಯಾಲಿ ಕಂಪನಿಯ ಸೈಕಲ್ ಬಗ್ಗೆ ಮೂಡಿಗೆರೆಯಿಂದ ನೀವು ಬರೆದು ಕಳಿಸಿದ 'ಅಜ್ಜನ ರ‍್ಯಾಲಿ' ಲೇಖನವನ್ನು ಎರಡು ಸಲ ಓದಿದೆ. ಈ ಸಂಚಿಕೆಗೆ ಹಾಕುತ್ತಿಲ್ಲ. 'ಸ್ವೀಕರಿಸಲಾಗಿಲ್ಲ, ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಸುಮ್ಮನಾಗಬಹುದಿತ್ತು. ನಾಲ್ಕನೇ ಪುಟದ ಒಂದು ವಾಕ್ಯ ಹಾಗೆ ಮಾಡಲು ಬಿಡಲಿಲ್ಲ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಮನುಷ್ಯ ಚಕ್ರ ಕಂಡುಹಿಡಿದದ್ದರಿಂದ ಶುರು ಮಾಡಿದ್ದೀರಿ. ಓದುಗ ಸೈಕಲ್ ನೋಡಲು ಬಂದವನು, ಅವನನ್ನು ಅಷ್ಟು ಹೊತ್ತು ಜಗಲಿಯಲ್ಲಿ ಕೂರಿಸಬೇಡಿ. 'ಕಾಲಚಕ್ರ' ಅನ್ನುವ ಮಾತು ನಾಲ್ಕು ಕಡೆ ಬಂದಿದೆ, ನಾಲ್ಕನ್ನೂ ತೆಗೆಯಿರಿ.

ಈಗ ಆ ವಾಕ್ಯಕ್ಕೆ ಬರೋಣ. 'ಹಿಂದಿನ ಹಬ್ ಮೇಲೆ ಸ್ಟರ್ಮಿ ಆರ್ಚರ್, ಎಡಬ್ಲ್ಯೂ, 8 ಅಂತ ಏನೋ ಕೊರೆದಿದೆ' ಎಂದು ಬರೆದು ಮುಂದೆ ಹೋಗಿದ್ದೀರಿ. ಆ 'ಏನೋ' ಓದಿ ಹಣೆ ಚಚ್ಚಿಕೊಂಡೆ. ಹಬ್ ಅಂದರೆ ಚಕ್ರದ ನಡುವಿನ ಗುಂಭ, ಸ್ಟರ್ಮಿ ಆರ್ಚರ್ ಅದನ್ನು ಮಾಡಿದ ಕಂಪನಿ, ಎಡಬ್ಲ್ಯೂ ಅನ್ನುವುದು ಅವರ ಮೂರು ಗೇರಿನ ಹಬ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅದನ್ನು ಮಾಡಲು ಶುರು ಮಾಡಿದ್ದೇ 1936ರಲ್ಲಿ. ಪಕ್ಕದ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ. ಅಂದರೆ ನಿಮ್ಮ ಹಬ್ 1938ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಆದರೆ ಮೊದಲ ಪುಟದಿಂದ ಕೊನೆಯವರೆಗೂ 'ಈ 1935ರ ಸೈಕಲ್' ಎನ್ನುತ್ತೀರಿ. ತೋಟದ ದೊರೆ ಅದನ್ನು ಕೊಂಡಿದ್ದು ಅಜ್ಜನ ಮದುವೆಯಾದ ವರ್ಷ ಅಂತ ಮನೆಯಲ್ಲಿ ಹೇಳುತ್ತಾರೆ, ಸರಿ. ಮನೆಯ ಮಾತು ಒಂದು, ಕಬ್ಬಿಣದ ಮಾತು ಇನ್ನೊಂದು. ನಿಮ್ಮ ಲೇಖನ ಇರುವುದು ಈ ಜಗಳದಲ್ಲಿ.

ಹಾಗಂತ ಕೂಡಲೇ ಅಜ್ಜನ ಮಾತು ಸುಳ್ಳು ಅನ್ನಬೇಡಿ. ಮಲೆನಾಡಿನ ಮಳೆಯಲ್ಲಿ, ತೋಟದ ಕಲ್ಲು ದಾರಿಯಲ್ಲಿ, ಮೊದಲು ಹಾಳಾಗುವುದೇ ಹಿಂದಿನ ಚಕ್ರ. ಹಬ್ ಹೇಳುವುದು ಚಕ್ರದ ವಯಸ್ಸು ಮಾತ್ರ. ಫ್ರೇಮನ್ನು ಬೇರೆಯಾಗಿಯೇ ಕೇಳಬೇಕು. ಸೀಟಿನ ಕೆಳಗಿನ ಕೊಳವೆಯನ್ನು ಟಾರ್ಚ್ ಹಿಡಿದು ನೋಡಿ. ಗೇರ್ ಕೇಬಲ್ ಹಾಯಿಸುವ ಪುಟ್ಟ ರಾಟೆಯ ಕ್ಲಿಪ್ ಅಲ್ಲಿ ಬಣ್ಣ ತಿಂದು ಉಂಗುರದ ಗುರುತು ಬಿಟ್ಟಿದೆಯಾ? ಗುರುತು ಆಳವಾಗಿದ್ದರೆ ಗೇರು ಆ ಫ್ರೇಮಿನ ಮೇಲೆ ತುಂಬ ಕಾಲ ಇತ್ತು ಅಂತ. ಹಾಗೇ ಫ್ರೇಮಿನ ನಂಬರನ್ನೂ ಬರೆದುಕೊಳ್ಳಿ.

ಬಣ್ಣದ ವಿಷಯ. 'ಮೂಲ ಕಪ್ಪು ಬಣ್ಣ ಇಂದಿಗೂ ಹೊಳೆಯುತ್ತಿದೆ' ಅಂದಿದ್ದೀರಿ. ಫೋಟೋದಲ್ಲಿ ಆ ಕಪ್ಪು ಬೋಲ್ಟಿನ ತಲೆಯ ಮೇಲೂ ಹರಿದಿದೆ! ಕಾರ್ಖಾನೆಯಲ್ಲಿ ಜೋಡಿಸುವ ಮುಂಚೆಯೇ ಬಣ್ಣ ಹಾಕಿ ಒಲೆಯಲ್ಲಿ ಬೇಯಿಸುತ್ತಿದ್ದರು, ಬೋಲ್ಟಿಗೆ ಬಳಿಯುತ್ತಿರಲಿಲ್ಲ. ಇದು ಯಾರೋ ಪುಣ್ಯಾತ್ಮರು ಆಮೇಲೆ ಬ್ರಷ್ಷಿನಲ್ಲಿ ಬಳಿದದ್ದು. ಹಳೇ ಬಣ್ಣ ಬೇಕಾದರೆ ಚೈನ್ ಕವರ್ ಕ್ಲಿಪ್ ಸಡಿಲಿಸಿ ಅದರಡಿ ನೋಡಿ. ಬಿಸಿಲು, ಬ್ರಷ್ಷು ಎರಡೂ ಅಲ್ಲಿಗೆ ಹೋಗಿರುವುದಿಲ್ಲ. ಅಲಂಕಾರಕ್ಕೆ ಕೈಯಲ್ಲಿ ಎಳೆದ ಗೆರೆ ಒಂದು ತುಣುಕು ಉಳಿದಿದ್ದರೂ ಸಾಕು.

ದೊಡ್ಡಜ್ಜನ '1912ರ ಬಿಎಸ್‌ಎ' ಪ್ಯಾರಾ ಬೇಡ. ಅದರ ಹ್ಯಾಂಡಲ್‌ಗೆ 'ಫಳಫಳ ಕ್ರೋಮ್' ಹಚ್ಚಿದ್ದೀರಿ. ಸೈಕಲ್‌ಗಳಿಗೆ ಕ್ರೋಮ್ ಬಂದಿದ್ದು 1920ರ ದಶಕದ ಕೊನೆಯಲ್ಲಿ. ಅದಕ್ಕೆ ಮುಂಚೆ ನಿಕಲ್. ನಿಕಲ್‌ನ ಹೊಳಪು ತುಸು ಹಳದಿ, ಕ್ರೋಮ್‌ನದು ನೀಲಿ. ಜೊತೆಗೆ, ಬಿಎಸ್‌ಎ ಕಂಪನಿಯ ಮೂರು ಬಂದೂಕಿನ ಗುರುತು ಕಂಡ ಕೂಡಲೇ ಇಡೀ ಸೈಕಲ್ ಬಿಎಸ್‌ಎ ಅನ್ನುವ ಹಾಗಿಲ್ಲ. ಆ ಕಂಪನಿ ಬಿಡಿಭಾಗಗಳನ್ನೂ ಮಾರುತ್ತಿತ್ತು, ಸಣ್ಣಪುಟ್ಟವರು ತಂದು ತಮ್ಮ ಹೆಸರಿನ ಸೈಕಲ್‌ಗೆ ಜೋಡಿಸುತ್ತಿದ್ದರು. ಹಾಗೇ ರ‍್ಯಾಲಿಯ ಹೆಸರೂ. ಸ್ವಾತಂತ್ರ್ಯದ ನಂತರ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್ ರ‍್ಯಾಲಿ ಕಾರ್ಖಾನೆ ಬಂತಲ್ಲ, ಹೆಸರೊಂದನ್ನೇ ನೋಡಿ ಇಂಗ್ಲೆಂಡಿನದ್ದು ಅನ್ನಲಾಗದು.

ಇಷ್ಟು ಖಾರವಾಗಿ ಬರೆಯಲು ಕಾರಣವಿದೆ. ನಾನೂ ಹಾಸನದ ಒಂದು ಗುಜರಿ ಅಂಗಡಿಯಲ್ಲಿ ಹೀಗೇ ಬೇಸ್ತು ಬಿದ್ದವನು. ಯುದ್ಧಕ್ಕೆ ಮುಂಚಿನದು ಅಂತ ನಂಬಿ ಒಂದು ಸೈಕಲ್ ಕೊಂಡು ತಂದೆ. ಫೋರ್ಕ್ ಬಿಚ್ಚಿದರೆ ಒಳಗಿನ ಕೊಳವೆ ಹೊಸದು, ಹೊರಗೆ ಮಾತ್ರ ಕರಿ ಬಳಿದಿದ್ದರು. ಅದರಲ್ಲಿ ನಿಜವಾಗಿ ಹಳೆಯದು ಬೆಲ್ ಒಂದೇ. ಅದು ಈಗ ನನ್ನ ಮೇಜಿನ ಮೇಲಿದೆ.

ನಿಮ್ಮ ಅಜ್ಜ ತೋಟದ ರೈಟರ್ ಆಗಿದ್ದವರು, ದೊರೆ ಊರಿಗೆ ಹೋಗುವಾಗ ಸೈಕಲ್ ಕೊಟ್ಟುಹೋದ, ಏರುದಾರಿಯಲ್ಲಿ ಗೇರ್ ಬದಲಿಸುವ 'ಟಿಕ್' ಸದ್ದು ಕೇಳಿ ಅಜ್ಜಿ ಕಾಫಿಗೆ ನೀರಿಡುತ್ತಿದ್ದರು. ಈ ಭಾಗ ಚೆನ್ನಾಗಿದೆ, ಒಂದಕ್ಷರ ಮುಟ್ಟಬೇಡಿ. ಆ 'ಟಿಕ್' ಬರುತ್ತಿದ್ದದ್ದು ನೀವು 'ಏನೋ' ಅಂದ ಅದೇ ಹಬ್‌ನಿಂದ, ಅಲ್ವಾ?

ಹಬ್‌ನಿಂದಲೇ ಶುರು ಮಾಡಿ ಮತ್ತೆ ಬರೆಯಿರಿ. ಆರು ಪುಟ ಬೇಡ, ಮೂರು ಸಾಕು. ಅಂಕಿ ಕಾಣಲಿ ಅಂತ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚೈನ್ ಕವರ್ ಕ್ಲಿಪ್ಪಿನ ಅಡಿಯ ಫೋಟೋ ಬೇರೆಯಾಗಿ ಕಳಿಸಿ. ಅಲ್ಲಿರುವ ಗೆರೆ ಕೆಂಪೋ ಚಿನ್ನದ ಬಣ್ಣವೋ, ನನಗೂ ನೋಡಬೇಕು.

ನಿಮ್ಮ,
ಸಂಪಾದಕ, ಹಾಸನ